ಹಂಡೆ ಆಮೇಲೆ, ಮೊದಲು ನೀರು ನೋಡಿ

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು ಹತ್ತಿರದ ಹಳ್ಳಿ. ನಾನು, ನಮ್ಮ ಸೋದರಮಾವನ ಮಗ ಸೇರಿ ಲೈಸೆನ್ಸ್ ತೆಗೆದುಕೊಂಡು ಸಣ್ಣ ಡಿಸ್ಟಿಲರಿ ಹಾಕಬೇಕು ಅಂತಿದ್ದೇವೆ. ಬೆಲ್ಲದಿಂದ ರಮ್, ಏಲಕ್ಕಿ ಹಾಕಿ ಜಿನ್. ಒಬ್ಬ ಏಜೆಂಟ್ ಸ್ಟೀಲಿನ ಕಾಲಮ್ (ಎತ್ತರದ ಕಂಬದಂಥ ಬಟ್ಟಿ) ತಗೊಳ್ಳಿ, ಎಲ್ಲಾ ಅದರಲ್ಲೇ ಆಗುತ್ತೆ ಅಂತಾನೆ. ಇನ್ನೊಬ್ಬ 500 ಲೀಟರಿನ ತಾಮ್ರದ ಹಂಡೆ ಸಾಕು ಅಂತಾನೆ. ಹುಬ್ಬಳ್ಳಿಯಲ್ಲಿ ತಾಮ್ರದ ಪಾತ್ರೆ ಬಡಿಯುವ ತಾಂಬಟರ ಕೈಲಿ ಮಾಡಿಸಿದರೆ ಅಗ್ಗ ಅಂತಾರೆ ನಮ್ಮಪ್ಪ. ಯಾವುದು ಸರಿ?

ಉತ್ತರ: ತಮ್ಮಾ, ಮೂವರೂ ಹಂಡೆ ಬಗ್ಗೆ ಮಾತಾಡಿದ್ದಾರೆ. ನೀರಿನ ಮಾತು ಯಾರೂ ಎತ್ತಿಲ್ಲ. ನಾನು 28 ವರ್ಷ ಡಿಸ್ಟಿಲರಿಯಲ್ಲಿ ಬಟ್ಟಿ ಮುಂದೆ ನಿಂತವನು. ಈಗ ಧಾರವಾಡದ ಮಾಳಮಡ್ಡಿಯಲ್ಲಿ ನಲ್ಲಿ ನೀರು ಬರುವ ದಿನ ಎಣಿಸುತ್ತಾ ಕೂತಿದ್ದೇನೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

500 ಲೀಟರ್ ಹಂಡೆಗೆ 500 ಲೀಟರ್ ತುಂಬೋಕಾಗಲ್ಲ. ಬೆಲ್ಲದ ಕೊಳೆ, ಅಂದರೆ ಹುಳಿ ಬರಿಸಿದ ಬೆಲ್ಲದ ನೀರು, ಹಾಲಿನ ಹಾಗೆ ಉಕ್ಕುತ್ತೆ. 400 ಹಾಕಿ. ಅದರಲ್ಲಿ ಶೇ 8ರಷ್ಟು ಆಲ್ಕೋಹಾಲ್ ಇದ್ದರೆ 32 ಲೀಟರ್ ಆಯಿತು. ಅದನ್ನು ಹೊರಗೆ ತರಲು ಮೊದಲ ಸಲಕ್ಕೆ ಸುಮಾರು 120 ಲೀಟರ್ ಇಳಿಸಬೇಕು. ಅಷ್ಟು ಆವಿಯನ್ನು ತಣ್ಣಗೆ ಮಾಡಲು ಕಂಡೆನ್ಸರಿಗೆ 2,000ದಿಂದ 2,500 ಲೀಟರ್ ನೀರು ಬೇಕು. ಒಂದೇ ಸಲಕ್ಕೆ! ಏಪ್ರಿಲ್‌ನಲ್ಲಿ ನಿಮ್ಮ ಬೋರ್‌ವೆಲ್ ಎಷ್ಟು ಕೊಡುತ್ತೆ, ಅಳೆದಿದ್ದೀರಾ? ನೀರನ್ನು ತೊಟ್ಟಿಯಲ್ಲಿ ತಣಿಸಿ ತಿರುಗಿಸಿ ಬಳಸಲೇಬೇಕು. ಅಂದರೆ ದೊಡ್ಡ ತೊಟ್ಟಿ, ಪಂಪು, ಕೂಲಿಂಗ್ ಟವರ್. ಇದರ ದುಡ್ಡು ಏಜೆಂಟನ ಕೊಟೇಶನ್‌ನಲ್ಲಿ ಇದೆಯಾ ನೋಡಿ. ಇರಲಿಕ್ಕಿಲ್ಲ. ಹಂಡೆಯಲ್ಲಿ ಉಳಿಯುವ 280 ಲೀಟರ್ ಕಪ್ಪು, ಹುಳಿ, ಬಿಸಿ ನೀರು ಎಲ್ಲಿಗೆ ಹೋಗುತ್ತೆ ಅನ್ನೋದೂ ಇವತ್ತೇ ತೀರ್ಮಾನವಾಗಲಿ. ಹಳ್ಳಕ್ಕೆ ಬಿಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿಗಿಂತ ಮೊದಲು ಪಕ್ಕದ ಹೊಲದವರು ಬರುತ್ತಾರೆ.

ಇನ್ನು ಹಂಡೆಯೋ ಕಾಲಮ್ಮೋ. ಕಾಲಮ್‌ಗೆ 1830ರಲ್ಲಿ ಪೇಟೆಂಟ್ ಪಡೆದ ಐರ್ಲೆಂಡಿನ ಈನಿಯಾಸ್ ಕಾಫಿ ಮೊದಲು ಅಬಕಾರಿ ಅಧಿಕಾರಿಯಾಗಿದ್ದ. ಹಿಡಿಯುವವನೇ ಇಳಿಸುವ ಯಂತ್ರ ಮಾಡಿದ, ತಮಾಷೆ ಅಲ್ವಾ? ಆ ಯಂತ್ರ ನಿಲ್ಲದೆ ಓಡುತ್ತೆ, ಸ್ಪಿರಿಟ್ಟನ್ನು ಶೇ 90 ದಾಟಿಸುತ್ತೆ. ಜತೆಗೆ ರುಚಿಯನ್ನೂ ಒರೆಸಿ ಹಾಕುತ್ತೆ. ಬೆಲ್ಲದ ವಾಸನೆ ಉಳಿಯಬೇಕು ಅನ್ನುವ ನಿಮಗೆ ಅದು ಯಾಕೆ? ಗೋವೆಯ ಕಾಜು ಫೆನಿ ನೋಡಿ. ಒಂದು ಸಲ ಇಳಿಸಿದರೆ ಉರಾಕ್, ಮತ್ತೆ ಇಳಿಸಿದರೆ ಫೆನಿ. ಸಾದಾ ಹಂಡೆಯಲ್ಲೇ ಆಗುವ ಆ ಫೆನಿಗೆ 2009ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಿಮ್ಮ ರಮ್ಮಿಗೂ ಹಂಡೆಯೇ ಸರಿ.

ಜಿನ್ನಿಗೆ ನ್ಯೂಟ್ರಲ್ ಸ್ಪಿರಿಟ್, ಅಂದರೆ ತನ್ನದೇ ರುಚಿ, ವಾಸನೆ ಇಲ್ಲದ ಗಟ್ಟಿ ಸ್ಪಿರಿಟ್ ಬೇಕು. ಅದನ್ನು ನೀವೇ ಮಾಡುವ ಹುಚ್ಚು ಬೇಡ, ದೊಡ್ಡ ಡಿಸ್ಟಿಲರಿಯಿಂದ ಪರ್ಮಿಟ್ ಮೇಲೆ ಕೊಳ್ಳಿ. ನೀರು ಬೆರೆಸಿ, ಜೂನಿಪರ್ ಕಾಯಿ (ಜಿನ್ನಿನ ಘಮ ಅದರದ್ದೇ), ಏಲಕ್ಕಿ ಹಾಕಿ ಅದೇ ಹಂಡೆಯಲ್ಲಿ ಇನ್ನೊಮ್ಮೆ ಇಳಿಸಿದರೆ ಆಯಿತು. ಏಲಕ್ಕಿ ಕೈ ಬಿಗಿ ಹಿಡಿದು ಹಾಕಿ. ಹಾವೇರಿಯ ಏಲಕ್ಕಿ ಮಾಲೆ ಕೊರಳಿಗೆ ಚಂದ, ಗ್ಲಾಸಿನಲ್ಲಿ ಅಷ್ಟು ಬಂದರೆ ಕೆಮ್ಮಿನ ಔಷಧಿ ಆಗುತ್ತೆ.

ಅಳತೆ? 500ರ ಹಂಡೆ ಒಂದೇ ಇದ್ದರೆ ಮೂರು ದಿನ ಮೊದಲ ಇಳಿಕೆ, ನಾಲ್ಕನೇ ದಿನ ಎರಡನೆಯದು. ತಲೆ, ಬಾಲ, ಅಂದರೆ ಮೊದಲು ಬರುವುದನ್ನೂ ಕೊನೆಗೆ ಬರುವುದನ್ನೂ ತೆಗೆದು ನಡುವಿನದಷ್ಟೇ ಇಟ್ಟುಕೊಂಡರೆ, ನೀರು ಬೆರೆಸಿ ಆಲ್ಕೋಹಾಲ್ ಶೇ 42.8ಕ್ಕೆ ತಂದರೆ, 750 ಮಿ.ಲೀ.ನ ಸುಮಾರು 200 ಬಾಟಲಿ. ನಾಲ್ಕು ದಿನದ ಕೂಲಿ, ಉರುವಲು ಇದರಲ್ಲೇ ಹುಟ್ಟಬೇಕು. ನನ್ನನ್ನು ಕೇಳಿದರೆ 1,000 ಲೀಟರಿನದು ಮೊದಲ ಇಳಿಕೆಗೆ, 300ರದು ಎರಡನೆಯದಕ್ಕೆ. ದುಡ್ಡು ಸಾಲದಿದ್ದರೆ ದೊಡ್ಡದರ ಹೊಟ್ಟೆ ಸ್ಟೀಲಿನದಿರಲಿ. ಹಂಡೆಯ ತಲೆ, ಕೊರಳು ಮಾತ್ರ ತಾಮ್ರದ್ದೇ ಬೇಕು. ಕೊಳೆ ಹುಳಿಯುವಾಗ ಗಂಧಕದ ವಾಸನೆ ಹುಟ್ಟುತ್ತೆ, ಕೊಳೆತ ಮೊಟ್ಟೆಯ ಹಾಗೆ. ಅದನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತೆ. ಆ ಕೆಲಸದಲ್ಲೇ ತಾನು ಕಪ್ಪಾಗುತ್ತೆ, ವರ್ಷ ಕಳೆದಂತೆ ತೆಳ್ಳಗಾಗುತ್ತೆ. ಕೈ ಹೋಗುವಷ್ಟು ದೊಡ್ಡ ಬಾಯಿ ಇಡಿಸಿ, ತಿಕ್ಕಿ ತೊಳೆಯಲು ಬರಬೇಕು.

ತಾಂಬಟರ ಬಗ್ಗೆ ಅಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ಬಡಿತದ ಕೈ ಅವರದ್ದು. ಆದರೆ ಎರಡು ಮಾತು ಮೊದಲೇ ಹೇಳಿ. ಒಳಗೆ ಕಲಾಯಿ ಬೇಡ. ಮನೆಯ ಪಾತ್ರೆಗೆ ಕಲಾಯಿ ಬೇಕು, ಬಟ್ಟಿಗೆ ಹಾಕಿದರೆ ತಾಮ್ರವೇ ಮುಚ್ಚಿಹೋಯಿತು. ಬೆಸುಗೆಯಲ್ಲಿ ಸೀಸ ಇರಕೂಡದು, ಅದು ಕರಗಿ ಬಾಟಲಿಗೆ ಬರುತ್ತೆ. ಉಗಿಯ ಜಾಕೆಟ್ (ಸುತ್ತ ಉಗಿ ಹರಿಯುವ ಹೊರಕವಚ), ಸೇಫ್ಟಿ ವಾಲ್ವ್ ಇರುವ ಹಂಡೆಯಾದರೆ ಪ್ರೆಶರ್ ಲೆಕ್ಕ ಬಲ್ಲ ಫ್ಯಾಬ್ರಿಕೇಟರ್ ಬೇಕೇ ಬೇಕು. ಕೆಳಗೆ ನೇರ ಬೆಂಕಿ ಹಚ್ಚಬೇಡಿ. ತಳ ಹೊತ್ತುತ್ತೆ. ಆವಿ ಸೋರಿದರೆ ಶೆಡ್ಡೇ ಹೊತ್ತುತ್ತೆ.

ವಾಲ್ವ್ ಅಂದೆ, ಒಂದು ನೆನಪಾಯಿತು. ಒಂದು ಕಾರ್ಖಾನೆಯಲ್ಲಿ ನಮ್ಮ ಹುಡುಗ ಬಿಸಿ ಹಂಡೆಯ ಎಲ್ಲಾ ವಾಲ್ವ್ ಮುಚ್ಚಿ ಒಳಗೆ ತಣ್ಣೀರು ಬಿಟ್ಟ. ಒಳಗಿನ ಆವಿ ಒಮ್ಮೆಲೇ ನೀರಾಯಿತು, ಗಾಳಿ ಒಳಗೆ ಬರಲು ದಾರಿ ಇರಲಿಲ್ಲ. ‘ಢಬ್’ ಅಂತ ಒಂದೇ ಸದ್ದು. ಹೋಗಿ ನೋಡಿದರೆ, ಕೈಯಲ್ಲಿ ಹಿಂಡಿದ ಎಣ್ಣೆ ಡಬ್ಬಿಯ ಹಾಗೆ ಹಂಡೆ ಒಳಗೆ ಕುಸಿದಿತ್ತು. ಹುಡುಗ ‘ಸಾಹೇಬ್ರ, ನಾ ಏನೂ ಮುಟ್ಟಿಲ್ರೀ’ ಅಂತ ಗೋಡೆಗೆ ಒರಗಿ ನಿಂತಿದ್ದ. ಆ ಹಂಡೆಗೆ ಗಾಳಿ ಎಳೆದುಕೊಳ್ಳುವ ವಾಲ್ವೇ ಇರಲಿಲ್ಲ. ಕೊಟ್ಟವರು ಇಟ್ಟಿರಲಿಲ್ಲ, ತಗೊಂಡ ನಾವೂ ಕೇಳಿರಲಿಲ್ಲ. ನೀವು ಕೇಳಿ.

ಕೊನೆಗೆ ಒಂದು. ಲೈಸೆನ್ಸ್ ಕೈಗೆ ಬರದೆ ಹಂಡೆ ಊರಿಗೆ ತರಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಬಟ್ಟಿಯ ಸಾಮಾನು ಸುಮ್ನೆ ಇಟ್ಟುಕೊಳ್ಳುವುದೂ ಅಪರಾಧ. ಪೇಪರಿನಲ್ಲಿ ‘ಬೆಲ್ಲದ ಕೊಳೆ ನಾಶ’ ಅಂತ ನಿಮ್ಮ ಫೋಟೊ ಬರುವುದು ಬೇಡ.

ಪ್ರಶ್ನೆ: ಕಲಘಟಗಿ ಕಡೆ ಎರಡು ಎಕರೆ ನಿಂಬೆಹುಲ್ಲು ಹಾಕಿದ್ದೇನೆ. ಎಣ್ಣೆ ತೆಗೆಯಲೂ ತಾಮ್ರದ ಬಟ್ಟಿಯೇ ಬೇಕೇ?

ಉತ್ತರ: ಬೇಡ ತಂಗಿ. ಇಲ್ಲಿ ಸ್ಟೇನ್‌ಲೆಸ್ ಸ್ಟೀಲೇ ಒಳ್ಳೆಯದು. ಹುಲ್ಲನ್ನು ಜಾಳಿಗೆ ಮೇಲೆ ಒತ್ತಾಗಿ ತುಂಬಿ, ಕೆಳಗಿನಿಂದ ಉಗಿ ಬಿಡಬೇಕು. ಒತ್ತಾಗಿ ತುಂಬದಿದ್ದರೆ ಉಗಿ ಸಂದಿಯಲ್ಲಿ ಓಡಿಹೋಗುತ್ತೆ, ಎಣ್ಣೆ ಹುಲ್ಲಿನಲ್ಲೇ ಉಳಿಯುತ್ತೆ. ಒಂದು ಟನ್ ಹಸಿ ಹುಲ್ಲಿಗೆ 5-6 ಕೆ.ಜಿ. ಎಣ್ಣೆ ಬಂದರೆ ಚೆನ್ನಾಗಿ ಬಂತು ಅನ್ನಿ. ಎಣ್ಣೆ ನೀರಿನ ಮೇಲೆ ತೇಲುತ್ತೆ, ಬೇರೆ ಮಾಡುವುದು ಸುಲಭ. ಉಳಿದ ಹುಲ್ಲನ್ನು ಬಿಸಿಲಿಗೆ ಹರವಿ ಒಣಗಿಸಿ. ಮುಂದಿನ ಸಲದ ಬಾಯ್ಲರಿಗೆ ಅದೇ ಉರುವಲು.