ಎರಡು ಕೋರ್ ಸ್ವಿಚ್ ಸ್ಟ್ಯಾಕ್ ಮಾಡಿದರೆ ನೆಟ್‌ವರ್ಕ್ ನಿಲ್ಲುವುದಿಲ್ಲವಾ?

ನೀವು ಕೇಳಿದ್ದು ಇಷ್ಟು ಅಲ್ವಾ: ಬದಿಯಡ್ಕ ಹತ್ತಿರದ ಆಸ್ಪತ್ರೆ, ಮೂರು ಕಟ್ಟಡ, ಎಲ್ಲ ಕಟ್ಟಡಗಳ ನೆಟ್‌ವರ್ಕ್ ಬಂದು ಸೇರುವ ಕೋರ್ ಸ್ವಿಚ್ ಒಂದೇ. ಇನ್ನೊಂದು ತಂದು ಸ್ಟ್ಯಾಕ್ ಮಾಡಿದರೆ, ಅಂದರೆ ಎರಡೂ ಒಂದೇ ಸ್ವಿಚ್‌ನಂತೆ ನಡೆಯುವ ಹಾಗೆ ಜೋಡಿಸಿದರೆ, ಮತ್ತೆ ಚಿಂತೆಯಿಲ್ಲ ಎಂದು ವೆಂಡರ್ ಹೇಳಿದ್ದಾರೆ. ನಂಬಬಹುದಾ?

ಅರ್ಧ ನಂಬಿ. ನಾನು ಕಾಸರಗೋಡಿನ ಸುತ್ತಮುತ್ತ ಇದೇ ಕೆಲಸ ಮಾಡುವವನು. ಒಂದು ಸ್ವಿಚ್ ಸುಟ್ಟುಹೋದರೆ ಸ್ಟ್ಯಾಕ್ ಕಾಪಾಡುತ್ತದೆ, ಸರಿ. ಆದರೆ ಅದರಲ್ಲಿ ಪೆಟ್ಟಿಗೆ ಎರಡು, ತಲೆ ಒಂದೇ. ಸಾಫ್ಟ್‌ವೇರ್ ಕೈಕೊಟ್ಟರೆ ಎರಡೂ ಒಟ್ಟಿಗೆ ಬೀಳಬಹುದು, ಅಪ್‌ಗ್ರೇಡ್ ಮಾಡುವಾಗ ಹೆಚ್ಚಿನ ಮಾಡೆಲ್‌ಗಳಲ್ಲಿ ಎರಡೂ ಒಟ್ಟಿಗೆ ರೀಬೂಟ್ ಆಗುತ್ತವೆ, ಮತ್ತು ರಾತ್ರಿ ಎರಡು ಗಂಟೆಗೂ ಲ್ಯಾಬ್ ರಿಪೋರ್ಟ್ ಬೇಕಾಗುವ ಆಸ್ಪತ್ರೆಯಲ್ಲಿ ಅದಕ್ಕೆ ಸಮಯ ಎಲ್ಲಿಂದ ತರುತ್ತೀರಿ? ಹಾಗಾಗಿ ಎಂಲ್ಯಾಗ್ (MLAG) ಇರುವ ಜೋಡಿ ಕೇಳಿ, ಅಂದರೆ ಎರಡು ಸ್ವಿಚ್ ಬೇರೆ ಬೇರೆಯಾಗಿದ್ದೂ ಕೆಳಗಿನ ಸ್ವಿಚ್‌ಗಳಿಗೆ ಒಂದೇ ಎಂಬಂತೆ ಕಾಣುವ ಏರ್ಪಾಡು. ಸಿಸ್ಕೊ ನೆಕ್ಸಸ್‌ನಲ್ಲಿ ಇದಕ್ಕೆ ವಿಪಿಸಿ ಅನ್ನುತ್ತಾರೆ. ಪ್ರತಿ ಸ್ವಿಚ್‌ಗೂ ತನ್ನದೇ ತಲೆ ಇರುತ್ತದೆ, ಒಂದೊಂದಾಗಿ ಅಪ್‌ಗ್ರೇಡ್ ಮಾಡಬಹುದು. ಕೆಳಗಿನ ಸ್ವಿಚ್‌ಗಳಿಂದ ಎರಡಕ್ಕೂ ಒಂದೊಂದು ಲಿಂಕ್ ಎಳೆದು, ಆ ಎರಡು ಲಿಂಕನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ (LACP) ಹಾಕಿ. ಎರಡು ಕೋರ್‌ಗಳು ‘ಬದುಕಿದ್ದೇನೆ’ ಎಂದು ಪರಸ್ಪರ ಕಳಿಸುವ ಕೀಪ್‌ಅಲೈವ್ ಮಾತ್ರ, ಅವನ್ನು ಜೋಡಿಸುವ ಪೀರ್ ಲಿಂಕ್ ಬಿಟ್ಟು ಬೇರೆ ದಾರಿಯಲ್ಲಿ ಹೋಗಲಿ. ಇಲ್ಲದಿದ್ದರೆ ಪೀರ್ ಲಿಂಕ್ ತುಂಡಾದಾಗ ಇನ್ನೊಂದು ಸತ್ತಿದೆ ಎಂದು ಎರಡೂ ಅಂದುಕೊಳ್ಳುತ್ತವೆ.

ಇಷ್ಟು ಕೋರ್‌ನ ಮಾತು. ನಮ್ಮ ಕಡೆ ನೆಟ್‌ವರ್ಕ್ ಬೀಳುವುದು ಜಾಸ್ತಿ ಕರೆಂಟಿನಿಂದ, ಸಿಡಿಲಿನಿಂದ, ಜೆಸಿಬಿಯಿಂದ. ರ‍್ಯಾಕ್‌ನ ಹಿಂದೆ ಹೋಗಿ ನೋಡಿ. ಸ್ವಿಚ್‌ಗೆ ಎರಡು ಪವರ್ ಸಪ್ಲೈ ಇರುತ್ತದೆ, ಎರಡರ ವಯರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿರುತ್ತದೆ! ಆ ಬೋರ್ಡಿನ ಫ್ಯೂಸ್ ಹೋದರೆ ಮುಗಿಯಿತು. ಒಂದೊಂದು ವಯರ್ ಒಂದೊಂದು ಯುಪಿಎಸ್‌ಗೆ, ಒಂದೊಂದು ಯುಪಿಎಸ್ ಬೇರೆ ಬೇರೆ ಬ್ರೇಕರ್‌ಗೆ ಹೋಗಬೇಕು.

ಕಟ್ಟಡದಿಂದ ಕಟ್ಟಡಕ್ಕೆ ತಾಮ್ರದ ಕೇಬಲ್ ಬೇಡವೇ ಬೇಡ. ತುಲಾ ತಿಂಗಳ ಗುಡುಗು ನಿಮಗೇ ಗೊತ್ತು, ಆ ಸರ್ಜ್ ಕೇಬಲ್ ಹಿಡಿದು ನೇರ ಪೋರ್ಟಿಗೆ ಬರುತ್ತದೆ. ಫೈಬರ್ ಎಳೆಯಿರಿ, ಆರ್ಮರ್ಡ್ ಆದರೆ ಅದರ ಉಕ್ಕಿನ ಕವಚಕ್ಕೆ ಅರ್ತಿಂಗ್ ಮಾಡಿಸಿ. ಎರಡು ಫೈಬರ್ ಹಾಕುವುದಾದರೆ ಎರಡನ್ನೂ ಒಂದೇ ಪೈಪಿನಲ್ಲಿ ಹಾಕಿಸಬೇಡಿ. ಮುರಕಲ್ಲು ಕಡಿದು ಇನ್ನೊಂದು ಚರಂಡಿ ತೆಗೆಯುವುದು ಖರ್ಚಿನ ಕೆಲಸ ನಿಜ, ಆದರೆ ನೀರಿನ ಪೈಪಿಗೆಂದು ಬರುವ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕೀಳುತ್ತದೆ.

ಬಿಲ್ ಪಾಸ್ ಮಾಡುವ ಮೊದಲು ವೆಂಡರ್ ಎದುರಿಗೇ ಪರೀಕ್ಷೆ ಮಾಡಿ. ಪಿಂಗ್ (ಸಂಪರ್ಕ ಇದೆಯಾ ಎಂದು ಪದೇ ಪದೇ ನೋಡುವ ಕಮಾಂಡ್) ಓಡಿಸಿಟ್ಟು ಒಂದು ಕೋರ್‌ನ ಕರೆಂಟ್ ಕೀಳಿ. ಒಂದೆರಡು ಪಿಂಗ್ ಹೋದರೆ ಪರವಾಗಿಲ್ಲ. 30-50 ಸೆಕೆಂಡ್ ಸ್ತಬ್ಧವಾದರೆ ಎಲ್ಲೋ ಹಳೆಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಉಳಿದಿದೆ ಎಂದು ಅನುಮಾನಪಡಿ, ಅದರ ವೇಗದ ರೂಪವಾದ ರ‍್ಯಾಪಿಡ್‌ಗೆ ಬದಲಿಸಲು ಹೇಳಿ. ಆಮೇಲೆ ಕಿತ್ತದ್ದನ್ನು ವಾಪಸ್ ಹಾಕಿ ನೋಡಿ. ಹೋಗುವಾಗ ಸುಮ್ನಿದ್ದು ವಾಪಸ್ ಬರುವಾಗ ತೊಂದರೆ ಕೊಡುವ ಸೆಟಪ್‌ಗಳು ಬೇಕಾದಷ್ಟಿವೆ.

ಎಲ್ಲದಕ್ಕೂ ದುಡ್ಡು ಸಾಲದಿದ್ದರೆ ಈ ವರ್ಷ ಯುಪಿಎಸ್, ಫೈಬರ್ ಮಾಡಿಸಿ. ಎರಡನೇ ಕೋರ್ ಮುಂದಿನ ವರ್ಷ ತಂದರೂ ನಡೆಯುತ್ತದೆ.