ಕ್ರಿಯಾ ಕಲಿಕೆಯಲ್ಲಿ ಪಿಎಚ್‌ಡಿ ಮಾಡಲೇ, ತರಬೇತುದಾರನಾಗಲೇ?

ಬಾಗಲಕೋಟೆಯ ಕಾಲೇಜಿನಲ್ಲಿ ಎಂಬಿಎ ಮಕ್ಕಳಿಗೆ ಪಾಠ ಹೇಳುತ್ತಿರುವ ನೀವು, ಕ್ರಿಯಾ ಕಲಿಕೆ (ತಮ್ಮ ನಿಜವಾದ ಸಮಸ್ಯೆಗಳನ್ನು ಮುಂದಿಟ್ಟುಕೊಂಡು, ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಕಲಿಯುವ ಪದ್ಧತಿ) ಮತ್ತು ನಾಯಕತ್ವ ಬೆಳವಣಿಗೆಯ ವಿಷಯದಲ್ಲಿ ಪಿಎಚ್‌ಡಿಗೆ ಸೇರಬೇಕೇ ಅಥವಾ ಕೆಲಸ ಬಿಟ್ಟು ಕಂಪನಿಗಳಿಗೆ ತರಬೇತಿ ಕೊಡಬೇಕೇ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ನಾನು ಇವೆರಡನ್ನೂ ಒಟ್ಟಿಗೆ ಮಾಡಲು ಹೊರಟು, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ) ಮುಗ್ಗರಿಸಿದವನು.

ಅಲ್ಲಿ ಮರಳಿನ ಅಚ್ಚುಗಳಲ್ಲಿ ಪಂಪುಗಳ ಎರಕದ ಭಾಗಗಳು ತಯಾರಾಗುತ್ತಿದ್ದವು. ಮಷಿನ್ ಶಾಪಿನಲ್ಲಿ ಮೇಲ್ಪದರ ಹೆರೆದ ಮೇಲೆ ಒಳಗೆ ಗಾಳಿಗುಳಿಗಳು ಕಾಣಿಸಿ, ಮಾಲು ವಾಪಸು ಬರುತ್ತಿತ್ತು. ಮರಳು, ಮೋಲ್ಡಿಂಗ್, ಕುಲುಮೆ, ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ಚೊಕ್ಕ ಮಾಡುವುದು), ಮಷಿನ್ ಶಾಪ್, ಕ್ವಾಲಿಟಿ ಹೀಗೆ ಆರು ವಿಭಾಗಗಳ ಆರು ಜನರನ್ನು ಕೂಡಿಸಿ ಒಂದು ಸೆಟ್, ಅಂದರೆ ಕ್ರಿಯಾ ಕಲಿಕೆಯ ಸಣ್ಣ ಗುಂಪು, ಮಾಡಿದೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಗಂಟೆಯ ಚಹಾ ಆದ ಮೇಲೆ, ಕ್ಯಾಂಟೀನಿನ ಮೂಲೆಯ ಬೆಂಚಿನಲ್ಲಿ ಕೂಡುತ್ತಿದ್ದೆವು. ಯಾರೂ ಯಾರಿಗೂ ಉಪದೇಶ ಮಾಡಬಾರದು, ಬರೀ ಪ್ರಶ್ನೆ ಕೇಳಬೇಕು ಎಂಬ ನಿಯಮವನ್ನು ಮೊದಲ ದಿನ ಹೇಳಿಕೊಟ್ಟವನು ನಾನೇ.

ನಾಲ್ಕನೆಯ ಕೂಟದಲ್ಲಿ ಕ್ವಾಲಿಟಿ ವಿಭಾಗದ ಹುಡುಗಿ, ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಮರಳು ವಿಭಾಗದ ಹಿರಿಯರನ್ನು ಕೇಳಿದಳು: "ಕಾಕಾ, ಎರಡನೇ ಪಾಳಿಯೊಳಗ ಮರಳ ಬಿಸಿ ಇರ್ತದೇನ್ರಿ?" ಕಾಕಾ ಮಾತಾಡಲಿಲ್ಲ. ಬಸಿಯನ್ನು ಬೆಂಚಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಕುಳಿತರು. ಯಾರೂ ಮಾತಾಡಲಿಲ್ಲ. ಆ ಮೌನವನ್ನು ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹಿಂದಿನ ರಾತ್ರಿ ಓದಿಕೊಂಡಿದ್ದ ಮರಳಿನ ತೇವಾಂಶ, ಆವಿ, ಗಾಳಿಯಾಡುವಿಕೆಗಳನ್ನೆಲ್ಲ ಬಿಳಿ ಹಲಗೆಯ ಮೇಲೆ ಬರೆದು ಇಪ್ಪತ್ತು ನಿಮಿಷ ಪಾಠ ಮಾಡಿದೆ. ಆರೂ ಜನ ವಿಧೇಯರಾಗಿ ಬರೆದುಕೊಂಡರು. ಮುಂದಿನ ಕೂಟಕ್ಕೆ ಎಲ್ಲರೂ ಹೊಸ ನೋಟುಬುಕ್ಕು, ಪೆನ್ನು ಹಿಡಿದು ಬಂದಾಗ ನಾನು ಹಿಗ್ಗಿದೆ, ಅಷ್ಟು ದಡ್ಡನಾಗಿದ್ದೆ.

ಈ ತಪ್ಪನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಪ್ಪೆಂದು ನನ್ನ ಗೈಡ್‌ಗೂ ಅನ್ನಿಸಿರಲಿಲ್ಲ. ನನ್ನ ಪಾಠದಲ್ಲಿ ಅರ್ಧದಷ್ಟು ಸರಿಯೇ ಇತ್ತು. ವರ್ಷ ಕಳೆದ ಮೇಲೆ ಗೇಟಿನ ಹೊರಗೆ ಸಿಕ್ಕ ಕಾಕಾ, "ನೀವ ಎಲ್ಲಾ ಹೇಳಿ ಬಿಟ್ರಲ್ರೀ ಸರ್, ಇನ್ನ ನಾ ಹೇಳೂದೇನ ಉಳದಿತ್ತು?" ಎಂದು ನಕ್ಕು, ಉಳಿದದ್ದನ್ನು ಹೇಳಿದರು. ಪಾಳಿಗೆ ಹೆಚ್ಚು ಅಚ್ಚು ಬೇಕೆಂದು ಫೌಂಡ್ರಿಯ ಮಾಲೀಕರಾದ ಸಾವ್ಕಾರ್ರ ಮಗ ಬಾಯಿಮಾತಿನಲ್ಲಿ ಆಜ್ಞೆ ಮಾಡಿದ್ದರಿಂದ, ಬಳಸಿದ ಮರಳು ಆರುವ ಮೊದಲೇ ಮಿಕ್ಸರಿಗೆ ಮರಳುತ್ತಿತ್ತು. ಬಿಸಿ ಮರಳಿನ ನೀರು ಅಚ್ಚಿಗೆ ಹೋಗುವಷ್ಟರಲ್ಲಿ ಹಾರುವುದರಿಂದ ಕಾಕಾ ಅಂದಾಜಿನ ಮೇಲೆ ಹೆಚ್ಚಿಗೆ ನೀರು ಸುರಿಯುತ್ತಿದ್ದರು. ಅಂದಾಜು ತಪ್ಪಿದ ದಿನ ಅಚ್ಚು ಹಸಿಯಾಗಿ, ಆವಿ ಎರಕದೊಳಗೆ ಸಿಕ್ಕಿಬೀಳುತ್ತಿತ್ತು. ಅಂದರೆ ಆ ದಿನ ಅವರು ಬಸಿ ತಿರುಗಿಸುತ್ತಿದ್ದುದು ಉತ್ತರ ತಿಳಿಯದೆ ಅಲ್ಲ, ಸಾವ್ಕಾರ್ರ ಮಗನ ಹೆಸರನ್ನು ನಾಲ್ಕು ಜನರ ಎದುರು ಎತ್ತಬೇಕೋ ಬೇಡವೋ ಎಂದು ತೂಗಿ ನೋಡುತ್ತ. ನನ್ನ ಪ್ರಬಂಧದ ವಿಷಯವೇ ನಾಯಕತ್ವ. ಅದು ನನ್ನ ಕಣ್ಣೆದುರೇ ಹುಟ್ಟುವುದರಲ್ಲಿತ್ತು, ನಾನು ಮಾರ್ಕರ್ ಹಿಡಿದು ಅದರ ಬಾಯಿ ಮುಚ್ಚಿಸಿದೆ. ಆಮೇಲೆ ಆ ಸೆಟ್ ತರಗತಿಯಾಗಿಯೇ ಉಳಿದು, ಎರಡು ತಿಂಗಳಲ್ಲಿ ನಿಂತಿತು. ಪ್ರಬಂಧದ ಆ ಅಧ್ಯಾಯವನ್ನು ಪ್ರಶ್ನಾವಳಿಗಳಿಂದ ತುಂಬಿಸಿದೆ. ಪದವಿಯೇನೋ ಬಂತು, ಆ ಫೌಂಡ್ರಿಯವರು ಮತ್ತೆ ಕರೆಯಲಿಲ್ಲ.

ಕ್ರಿಯಾ ಕಲಿಕೆಯ ಈ ವಿದ್ಯೆಯನ್ನು ಕಟ್ಟಿದ ರೆಗ್ ರೆವನ್ಸ್ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿಯಾಗಿದ್ದವರು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಕಲ್ಲಿದ್ದಲು ಮಂಡಳಿಯಲ್ಲಿ ಶಿಕ್ಷಣದ ಹೊಣೆ ಹೊತ್ತು, ಗಣಿಯವರು ಪರಸ್ಪರರಿಂದಲೇ ಕಲಿಯಲಿ ಎಂದರು. ಕಲಿಕೆ ಎಂದರೆ ಸಿದ್ಧ ಜ್ಞಾನ ಕೂಡಿಸು ಪ್ರಶ್ನಿಸುವ ಒಳನೋಟ ಎಂಬುದು ಅವರ ಸೂತ್ರ. ಸೆಟ್ಟಿನಲ್ಲಿ ಪರಿಣತನೊಬ್ಬ ಬಂದು ಕೂರುವುದನ್ನು ಅವರು ಸಂಶಯದಿಂದಲೇ ಕಂಡರು. ಅಮೆರಿಕದ ಮೈಕೆಲ್ ಮಾರ್ಕ್ವಾರ್ಟ್ ಅವರ ಪದ್ಧತಿಯಲ್ಲಿ ಕೋಚ್ ಇರುತ್ತಾನೆ, ಆದರೆ ಪ್ರಶ್ನೆಗೆ ಉತ್ತರವಾಗಿ ಮಾತ್ರ ಹೇಳಿಕೆ ಬರಬೇಕೆಂಬ ಕಟ್ಟುಪಾಡು ಇದೆ. ಇವೆಲ್ಲ ನನಗೆ ಆಗಲೇ ಬಾಯಿಪಾಠವಾಗಿದ್ದವು ಎಂಬುದೇ ನಾಚಿಕೆಯ ಸಂಗತಿ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಿದ್ವಾಂಸ ಒಂದು ಕಡೆ, ತರಬೇತುದಾರ ಇನ್ನೊಂದು ಕಡೆ ಎಂಬ ಗೆರೆ ಈ ವಿಷಯದಲ್ಲಿ ನಿಲ್ಲುವುದಿಲ್ಲ. ರೆವನ್ಸ್ ಕೂಡ 1955ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿ, 1965ರಲ್ಲಿ ಆ ಹುದ್ದೆ ಬಿಟ್ಟು ಬೆಲ್ಜಿಯಮ್ಮಿಗೆ ಹೋದವರು. ಇನ್ನು ಹೋಟೆಲಿನ ಹಾಲ್‌ನಲ್ಲಿ ಎರಡು ದಿನ ಹಗ್ಗದ ಆಟ ಆಡಿಸಿ ನಾಯಕತ್ವದ ಪ್ರಮಾಣಪತ್ರ ಹಂಚುವ ದಂಧೆ ನಿಮ್ಮ ಮನಸ್ಸಿನಲ್ಲಿದ್ದರೆ, ಅದಕ್ಕೆ ನನ್ನ ಸಲಹೆ ಬೇಡ.

ಈ ವರ್ಷ ನೋಂದಣಿ ಮಾಡಿಸಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ; ಗಡಿಯಾರ ಓಡತೊಡಗಿದ ಮೇಲೆ ಯಾರ ಮೌನಕ್ಕೂ ಕಾಯುವ ವ್ಯವಧಾನ ನಿಮಗಿರುವುದಿಲ್ಲ. ಅದಕ್ಕೆ ಮೊದಲು ಮುಧೋಳದ ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದವರೊಬ್ಬರು, ರಬಕವಿಯ ಮಗ್ಗದ ಮಾಲೀಕರೊಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು, ಹೀಗೆ ಐದಾರು ಜನರ ಸೆಟ್ಟಿನಲ್ಲಿ ಸದಸ್ಯರಾಗಿ ಕುಳಿತು, ನಿಮ್ಮದೇ ಬಗೆಹರಿಯದ ಸಮಸ್ಯೆಯನ್ನು ಅವರ ಪ್ರಶ್ನೆಗಳಿಗೆ ಒಡ್ಡಿಕೊಳ್ಳಿ. ಗೈಡ್ ಹುಡುಕುವಾಗ, ಕೂಟಗಳ ದಿನಚರಿಯನ್ನು ದತ್ತಾಂಶವೆಂದು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿ. ಮುನ್ನೂರು ಪ್ರಶ್ನಾವಳಿ ತುಂಬಿಸಿ ತನ್ನಿ ಎಂದರೆ ಕೈಮುಗಿದು ಹೊರಬನ್ನಿ.

ನಮ್ಮ ಈಗಿನ ಸೆಟ್ ಎರಡನೆಯ ಶನಿವಾರ ಟಿಳಕವಾಡಿಯಲ್ಲಿ ಕೂಡುತ್ತದೆ, ನನಗೂ ಅಲ್ಲಿ ಸದಸ್ಯನ ಸ್ಥಾನವಷ್ಟೇ. ಬೆಳಗಾವಿಗೆ ಬರುವುದಿದ್ದರೆ ಇಲ್ಲಿಯೇ ಸಂದೇಶ ಕಳಿಸಿ. ಸಂಶೋಧನಾ ಪ್ರಸ್ತಾವನೆ ತರಬೇಡಿ. ಕಾಲೇಜಿನಲ್ಲಿ ನಿಮ್ಮ ನಿದ್ದೆ ಕೆಡಿಸುತ್ತಿರುವ ಒಂದು ಸಂಗತಿಯನ್ನು ತನ್ನಿ.