ಬೆರಳೆಣಿಕೆಯ ಮನೆಗಳಿಗೆ ಅಷ್ಟು ದೊಡ್ಡ ಸೇತುವೆಯೇಕೆ?

ಪ್ರಶ್ನೆ: ಫಿನ್ಲೆಂಡ್‌ನ ಉತ್ತರ ತುದಿಯ ಉತ್ಸ್ಯೋಕಿಯಲ್ಲಿ ಇರುವವರೇ ಸುಮಾರು 1200 ಜನ. ಅಲ್ಲಿಂದ ನಾರ್ವೆಗೆ ದಾಟಲು ಭಾರಿ ಸೇತುವೆಯೊಂದಿದೆಯಂತೆ. ಚಳಿಗಾಲದಲ್ಲಿ ನದಿಯೇ ಹೆಪ್ಪುಗಟ್ಟುವಾಗ, ಬೇಸಿಗೆಯಲ್ಲಿ ದೋಣಿಯಿರುವಾಗ ಅದರ ಅಗತ್ಯವೇನಿತ್ತು?

ಉತ್ತರ: ನೀವು ಹೇಳಿದ ಎರಡು ಕಾಲಗಳ ನಡುವೆ ಇನ್ನೆರಡು ಕಾಲಗಳಿದ್ದು, ತೊಡಕು ಇರುವುದು ಅವುಗಳಲ್ಲಿ. ಚಳಿಗಾಲದ ಹೊಸ್ತಿಲಲ್ಲಿ ದಡದಿಂದ ಹೆಪ್ಪುಗಟ್ಟುತ್ತ ಬರುವ ನದಿ ದೋಣಿಗೂ ದಾರಿ ಬಿಡುವುದಿಲ್ಲ, ಆಳಿನ ಭಾರವನ್ನೂ ತಾಳುವುದಿಲ್ಲ. ಮತ್ತೆ ಮೇ ತಿಂಗಳ ಹೊತ್ತಿಗೆ ಹಿಮದ ಹಾಸು ಬಿರಿದು, ಚಪ್ಪಡಿಗಳಂಥ ಗಡ್ಡೆಗಳು ಒಂದರ ಮೇಲೊಂದು ಏರಿ, ಅಂಚಿನ ಪೊದೆಗಳನ್ನು ಉಜ್ಜಿಕೊಂಡು ಸಮುದ್ರದತ್ತ ಸಾಗುವಾಗ ನೀರಿಗೆ ಇಳಿಯುವ ಮಾತೇ ಇಲ್ಲ. ಆ ದಿನಗಳಲ್ಲಿ ಎದುರು ದಡದ ಮನೆ ಕಣ್ಣಿಗೆ ಕಂಡರೂ ಕಾಲಿಗೆ ಎಟುಕುತ್ತಿರಲಿಲ್ಲ.

1993ರಲ್ಲಿ ತೆರೆದ ಈ ಸೇತುವೆಗೆ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹೆಸರು: 'ಸಾಮಿ ಸೇತುವೆ'. ಉದ್ದ 316 ಮೀಟರ್. ಗೋಪುರಗಳಿಂದ ಓರೆಯಾಗಿ ಇಳಿದ ಕೇಬಲ್‌ಗಳು ಹಿಡಿದಿರುವ ನಡುವಿನ ಅಂಕಣವೇ 155 ಮೀಟರ್. ನದಿಯ ನಡುವೆ ಕಂಬಗಳು ಕಡಿಮೆಯಾದಷ್ಟೂ ತೇಲಿಬರುವ ಗಡ್ಡೆಗಳಿಗೆ ತಡೆ ಕಡಿಮೆ.

ಆದರೆ ತಲೆಯೆಣಿಕೆಯಿಂದ ಇದನ್ನು ಅಳೆಯುವುದು ಸರಿಯೆಂದು ನನಗೆ ತೋರುವುದಿಲ್ಲ. ಫಿನ್ನರು ತೆನೊ ಎಂದೂ ನಾರ್ವೆಯವರು ತಾನಾ ಎಂದೂ ಕರೆಯುವ ಈ ನದಿ ಸಾಮಿ ಜನರಿಗೆ ಗಡಿಯಾಗುವ ಮೊದಲೇ ದಾರಿಯಾಗಿತ್ತು. ನೆಂಟರು ಎರಡೂ ದಡಗಳಲ್ಲಿದ್ದರು. 1751ರ ಒಪ್ಪಂದ ಇಲ್ಲಿ ಗಡಿ ಎಳೆದಾಗಲೂ, ಹಿಮಸಾರಂಗದ ಹಿಂಡುಗಳೊಂದಿಗೆ ಅತ್ತಿತ್ತ ಹೋಗುವ ಅವರ ಹಕ್ಕನ್ನು ಅದಕ್ಕೆ ಸೇರಿದ ಪತ್ರವೊಂದು ಉಳಿಸಿತ್ತು. ಫಿನ್ಲೆಂಡ್ ರಷ್ಯಾದ ಆಳ್ವಿಕೆಯಲ್ಲಿದ್ದ 1852ರಲ್ಲಿ ಹಿಂಡುಗಳಿಗೆ ಆ ಗಡಿ ಮುಚ್ಚಿತು.

ಗ್ರೀಸ್‌ನ ಕ್ರೀಟ್ ದ್ವೀಪದಿಂದ ನಾರ್ವೆಯ ವಾರ್ಡೊವರೆಗಿನ ಇ75 ಹೆದ್ದಾರಿಯೂ ಇದೇ ಸೇತುವೆಯ ಮೇಲೆ ಹಾಯುತ್ತದೆ, ಆದ್ದರಿಂದ ಇದು ಉತ್ಸ್ಯೋಕಿಯವರಿಗಷ್ಟೇ ಕಟ್ಟಿದ್ದಲ್ಲ. ದಾಟುವವರು ಗಡಿಯಾರವನ್ನೂ ನೆನಪಿಡಬೇಕು: ಫಿನ್ಲೆಂಡ್ ನಾರ್ವೆಗಿಂತ ಒಂದು ಗಂಟೆ ಮುಂದಿದೆ, ಹೀಗಾಗಿ ನಾರ್ವೆಯ ದಡದಿಂದ ಒಂಬತ್ತಕ್ಕೆ ಹೊರಟವರು ಇತ್ತ ಕಾಲಿಡುವಾಗ ಹತ್ತು ದಾಟಿರುತ್ತದೆ. ಕೈಯಲ್ಲಿನ ಕ್ರೋನ್‌ಗೆ ಬದಲಾಗಿ ಇಲ್ಲಿ ಯೂರೊ.

ಸೇತುವೆಯಿಂದ ದೂರ, ಕಣಿವೆಯುದ್ದಕ್ಕೂ ಚದುರಿದ ಊರುಗಳವರಿಗೆ ಮಾತ್ರ ಸುತ್ತುದಾರಿ ಈಗಲೂ ಉದ್ದವೇ. ಗಟ್ಟಿಯಾದ ಹಿಮದ ಮೇಲೆ ಹಿಮವಾಹನ ಓಡಿಸುವುದು, ಬೇಸಿಗೆಯಲ್ಲಿ ಉದ್ದನೆಯ ಕಿರಿದಾದ ದೋಣಿ ಹೂಡುವುದು ಅವರಿಗೆ ಇಂದಿಗೂ ತಪ್ಪಿಲ್ಲ.